ಪಿಟ್ಸ್‌ಬರ್ಗ್–ಕಂಬರ್ಲೆಂಡ್ ಸೈಕಲ್ ಹಾದಿ: 5 ದಿನ, 4 ಜನ, 2 ಟೆಂಟ್. ಯಾವ ತುದಿಯಿಂದ ಹೊರಡುವುದು?

ಸಾಗರದವನು:
ಎಲ್ಲರಿಗೂ ನಮಸ್ಕಾರ. ನಾವು ನ್ಯೂಜೆರ್ಸಿಯಲ್ಲಿರುವವರು. ನಾನು, ನನ್ನ ಹೆಂಡತಿ, 12 ವರ್ಷದ ಮಗಳು ಮತ್ತು ಊರಿನಿಂದ ಆರು ತಿಂಗಳ ಮಟ್ಟಿಗೆ ಬಂದಿರುವ ನನ್ನ ಮಾವನವರು ಸೇರಿ, ಹಳೆಯ ರೈಲು ಮಾರ್ಗದ ಮೇಲೆ ಮಾಡಿರುವ ಗ್ರೇಟ್ ಆಲಿಗೇನಿ ಪ್ಯಾಸೇಜ್ ಎಂಬ ಹಾದಿಯನ್ನು ಸೈಕಲ್ಲಿನಲ್ಲಿ ಕ್ರಮಿಸಬೇಕೆಂದು ಯೋಚಿಸಿದ್ದೇವೆ. ಮೇರಿಲೆಂಡಿನ ಕಂಬರ್ಲೆಂಡಿನಿಂದ ಪಿಟ್ಸ್‌ಬರ್ಗ್ ವರೆಗೆ 150 ಮೈಲಿ, ಅಂದರೆ ಸುಮಾರು 240 ಕಿ.ಮೀ. ಹೋಟೆಲಿನಲ್ಲಿ ತಂಗುವ ಉದ್ದೇಶವಿಲ್ಲ. ನದಿಯ ಪಕ್ಕದಲ್ಲೇ ಟೆಂಟ್ ಹಾಕಿಕೊಂಡು ಹೋಗಬೇಕೆಂಬುದು ಮಗಳ ಹಟ. ಮಾವನವರಿಗೆ 65 ವರ್ಷ, ಊರಿನಲ್ಲಿ ಇವತ್ತಿಗೂ ಹಾಲು ತರುವುದು ಸೈಕಲ್ಲಿನಲ್ಲೇ, ಆದರೆ ಗೇರ್ ಇರುವ ಸೈಕಲ್ಲನ್ನು ಅವರು ನಂಬುವುದಿಲ್ಲ.

ನನ್ನ ಪ್ರಶ್ನೆಗಳು ಇಷ್ಟೇ. ಯಾವ ತುದಿಯಿಂದ ಹೊರಟರೆ ಏರು ಕಡಿಮೆ? ಟೆಂಟ್ ಎಲ್ಲಿ ಬೇಕಾದರೂ ಹಾಕಬಹುದೇ? ಅಪ್ಪಟ ಸಸ್ಯಾಹಾರಿಗಳಾದ ನಮಗೆ ದಾರಿಯಲ್ಲಿ ಊಟದ ಗತಿಯೇನು? ಮಗಳ ಶಾಲೆಗೆ ಮಾರ್ಚ್ ಕೊನೆಯ ವಾರ ರಜೆ ಇರುವುದರಿಂದ ಆಗಲೇ ಹೊರಡಬೇಕೆಂದಿದ್ದೇವೆ.

ಗಾಲಿಮಾತು:
ಮಾರ್ಚ್ ಕೊನೆಯ ವಾರವಾದರೆ ಆಗುವುದಿಲ್ಲ. ಬಿಗ್ ಸ್ಯಾವೇಜ್ ಸುರಂಗದ ಬಾಗಿಲು ಮುಚ್ಚಿರುತ್ತದೆ.

ಸಾಗರದವನು:
ಸುರಂಗಕ್ಕೆ ಬಾಗಿಲೇ? ತಮಾಷೆ ಮಾಡುತ್ತಿಲ್ಲ ತಾನೆ?

ಪೆನ್‌ಹಿಲ್ಸ್ ಪಕ್ಕದವಳು:
ತಮಾಷೆಯಲ್ಲ ಸಾಗರದವರೇ, ನಿಜವಾದ ಬಾಗಿಲುಗಳೇ ಇವೆ. ಸುಮಾರು 3,300 ಅಡಿ, ಅಂದರೆ ಒಂದು ಕಿಲೋಮೀಟರ್ ಉದ್ದದ ಆ ಸುರಂಗದ ಗೋಡೆಗಳಲ್ಲಿ ನೀರು ಜಿನುಗುತ್ತಿರುತ್ತದೆ. ಚಳಿಗಾಲದಲ್ಲಿ ಅದು ಹೆಪ್ಪುಗಟ್ಟಿ, ಕರಗಿ, ಮತ್ತೆ ಹೆಪ್ಪುಗಟ್ಟಿ ಒಳಗಿನ ಕಾಂಕ್ರೀಟನ್ನು ಒಡೆದುಬಿಡುತ್ತದೆ ಎಂಬ ಕಾರಣಕ್ಕೆ ಡಿಸೆಂಬರಿನಲ್ಲಿ ಎರಡೂ ಕಡೆ ಬಾಗಿಲು ಹಾಕಿ, ಏಪ್ರಿಲ್ ಹೊತ್ತಿಗೆ ತೆರೆಯುತ್ತಾರೆ. ಸುರಂಗ ತಪ್ಪಿಸಿ ಗುಡ್ಡದ ಮೇಲಿನ ರಸ್ತೆಯಲ್ಲಿ ಹೋಗಬಹುದು, ಆದರೆ ಮಗುವನ್ನೂ ಹಿರಿಯರನ್ನೂ ಕರೆದುಕೊಂಡು, ಹೊರೆ ಹೇರಿದ ಸೈಕಲ್ಲಿನಲ್ಲಿ ಆ ಸಾಹಸ ಬೇಡ. ಶಾಲೆ ಮುಗಿದ ಮೇಲೆ ಜೂನ್ ಕೊನೆಯಲ್ಲಿ ಬನ್ನಿ.

ಟೆಂಟ್ ಎಲ್ಲಿ ಬೇಕಾದರೂ ಹಾಕುವಂತಿಲ್ಲ. ಹಾದಿಯ ಎರಡೂ ಬದಿ ಬಹುಪಾಲು ಖಾಸಗಿ ಜಮೀನು ಅಥವಾ ರಾಜ್ಯದ ಅರಣ್ಯ, ಆದ್ದರಿಂದ ಗೊತ್ತುಪಡಿಸಿದ ಜಾಗಗಳಲ್ಲೇ ಇಳಿದುಕೊಳ್ಳಬೇಕು. ರಾಕ್‌ವುಡ್, ಕಾನ್‌ಫ್ಲುಯೆನ್ಸ್, ಕಾನಲ್ಸ್‌ವಿಲ್, ಸೀಡರ್ ಕ್ರೀಕ್ ಪಾರ್ಕ್, ಈ ನಾಲ್ಕನ್ನು ಗುರುತು ಹಾಕಿಕೊಳ್ಳಿ. ಒಹಾಯೋಪೈಲ್ ಉದ್ಯಾನದಲ್ಲೂ ಟೆಂಟ್ ಹಾಕಲು ಜಾಗವಿದೆ, ಆದರೆ ಅದು ನದಿಯಿಂದ ಮೇಲೆ ಗುಡ್ಡದ ನೆತ್ತಿಯಲ್ಲಿದೆ. ದಿನವೆಲ್ಲ ಪೆಡಲ್ ತುಳಿದವರು ಸಂಜೆ ಆ ಏರನ್ನು ನೋಡಿ ಕಣ್ಣೀರು ಹಾಕಿದ್ದನ್ನು ಕಂಡಿದ್ದೇನೆ.

ಹಳೆಯ ಗಾರ್ಡ್:
ನಾನು ರೈಲ್ವೆಯಲ್ಲಿ ಸರಕು ಗಾಡಿಯ ಗಾರ್ಡ್ ಆಗಿದ್ದು ನಿವೃತ್ತನಾದವನು. ಕೆಲವು ವರ್ಷಗಳ ಹಿಂದೆ ಮಗನ ಮನೆಗೆ ಬಂದಿದ್ದಾಗ ಈ ಹಾದಿಯ ಅರ್ಧವನ್ನು ಸೈಕಲ್ಲಿನಲ್ಲಿ ನೋಡಿದ್ದೇನೆ. ಏರಿನ ಪ್ರಶ್ನೆಗೆ ರೈಲಿನವನ ಲೆಕ್ಕದಲ್ಲೇ ಉತ್ತರಿಸುತ್ತೇನೆ.

ಈ ಹಾದಿಯ ಪೂರ್ವ ಭಾಗ ವೆಸ್ಟರ್ನ್ ಮೇರಿಲೆಂಡ್ ರೈಲ್ವೆಯವರು 1912ರ ಹೊತ್ತಿಗೆ ಹಾಕಿದ್ದ ಮಾರ್ಗ. 1975ರಲ್ಲಿ ಗಾಡಿಗಳು ನಿಂತವು. ಕಂಬರ್ಲೆಂಡ್ ಇರುವುದು ಸಮುದ್ರ ಮಟ್ಟದಿಂದ 600 ಅಡಿ ಚಿಲ್ಲರೆ ಎತ್ತರದಲ್ಲಿ. ಅಲ್ಲಿಂದ 24 ಮೈಲಿ ಹೋಗುವಷ್ಟರಲ್ಲಿ 2,392 ಅಡಿ ಎತ್ತರದ ಜಲವಿಭಜಕ ರೇಖೆಯನ್ನು ಮುಟ್ಟುತ್ತೀರಿ. ಅದರ ಒಂದು ಬದಿಗೆ ಬಿದ್ದ ಮಳೆ ಅಟ್ಲಾಂಟಿಕ್ ಕಡೆಗೂ ಇನ್ನೊಂದು ಬದಿಗೆ ಬಿದ್ದದ್ದು ಮೆಕ್ಸಿಕೋ ಕೊಲ್ಲಿಗೂ ಹರಿಯುತ್ತದೆ. ಲೆಕ್ಕ ಹಾಕಿದರೆ ಸರಾಸರಿ 70ರಲ್ಲಿ 1ರ ಏರು, ಅಂದರೆ 70 ಅಡಿ ಮುಂದೆ ಹೋದರೆ 1 ಅಡಿ ಮೇಲೆ; ಕಡಿದಾದ ಕಡೆ 57ರಲ್ಲಿ 1. ನಮ್ಮ ಸಕಲೇಶಪುರ–ಸುಬ್ರಹ್ಮಣ್ಯ ಘಟ್ಟದ ಮಾರ್ಗ 50ರಲ್ಲಿ 1. ಅಲ್ಲಿ ಸರಕು ಗಾಡಿಯನ್ನು ಹತ್ತಿಸಲು ಹಿಂದಿನಿಂದ ತಳ್ಳುವ ಬ್ಯಾಂಕರ್ ಎಂಜಿನ್ನುಗಳನ್ನು ಕಟ್ಟುತ್ತಾರೆ ಎಂಬುದು ಎಷ್ಟೋ ಜನಕ್ಕೆ ಗೊತ್ತಿರಬಹುದು. ನಿಮ್ಮ ಮಾವನವರಿಗೆ ಹಿಂದಿನಿಂದ ತಳ್ಳುವವರು ಯಾರು?

ಪಿಟ್ಸ್‌ಬರ್ಗ್ ಕಡೆಯಿಂದ ಬಂದರೆ ಅದೇ ಎತ್ತರಕ್ಕೆ ಹತ್ತಲು 126 ಮೈಲಿ ಸಿಗುತ್ತದೆ. ಸರಾಸರಿ 400ರಲ್ಲಿ 1. ಕಣ್ಣಿಗೆ ಸಮತಟ್ಟಾಗಿಯೇ ಕಾಣುತ್ತದೆ. ಕೊನೆಯ 24 ಮೈಲಿ ಇಳಿಜಾರು, ಬ್ರೇಕು ಹಿಡಿದರೆ ಸಾಕು. ಆದ್ದರಿಂದ ಪಿಟ್ಸ್‌ಬರ್ಗಿನಿಂದಲೇ ಹೊರಡಿ.

ಅನುಮಾನಿ:
ಗಾರ್ಡ್ ಅವರ ಮೇಲೆ ಗೌರವವಿಟ್ಟುಕೊಂಡೇ ಕೇಳುತ್ತೇನೆ. 57ರಲ್ಲಿ 1 ಎಂದರೆ ನೂರಕ್ಕೆ ಎರಡು ಅಡಿಯೂ ಇಲ್ಲ. ಬೆಂಗಳೂರಿನ ಯಾವುದೇ ಫ್ಲೈಓವರ್ ಇದಕ್ಕಿಂತ ಕಡಿದಾಗಿರುತ್ತದೆ. ರೈಲಿನ ಉಕ್ಕಿನ ಚಕ್ರ ಉಕ್ಕಿನ ಹಳಿಯ ಮೇಲೆ ಜಾರುವ ಕಷ್ಟವನ್ನು ರಬ್ಬರ್ ಟೈರಿಗೆ ಆರೋಪಿಸಿ ಘಟ್ಟವೆಂದು ಹೆದರಿಸುವುದು ಸರಿಯೇ?

ಗಾಲಿಮಾತು:
ಫ್ಲೈಓವರ್ ಒಂದು ನಿಮಿಷದಲ್ಲಿ ಮುಗಿಯುತ್ತದೆ ಸ್ವಾಮಿ. ಇದು 38 ಕಿಲೋಮೀಟರ್, ಸುಣ್ಣಕಲ್ಲಿನ ಪುಡಿ ಹಾಕಿದ ಹಾದಿಯ ಮೇಲೆ, ಚೀಲಗಳೊಂದಿಗೆ. ಕಡಿದಾದ ಘಟ್ಟದಲ್ಲಿ ಒಂದು ತಿರುವಿನ ನಂತರ ಸ್ವಲ್ಪ ಇಳಿಜಾರು ಬರುತ್ತದೆ, ಕಾಲಿಗೆ ಬಿಡುವು ಸಿಗುತ್ತದೆ. ರೈಲಿಗೆಂದು ಕೊರೆದ ಹಾದಿಯಲ್ಲಿ ಆ ದಯೆ ಇಲ್ಲ. ನಾಲ್ಕು ಗಂಟೆ ಒಂದೇ ಸಮನೆ ತುಳಿಯುತ್ತಲೇ ಇರಬೇಕು. ದಣಿಯುವುದು ಕಾಲಲ್ಲ, ಸೀಟಿನ ಮೇಲಿರುವ ಭಾಗ ಮತ್ತು ಅಂಗೈ.

ಆದರೂ ನಾನು ಗಾರ್ಡ್ ಅವರಿಗೆ ಅರ್ಧ ಮಾತ್ರ ಒಪ್ಪುತ್ತೇನೆ. ಸಮತಟ್ಟಾಗಿ ಕಾಣುವ 126 ಮೈಲಿಯ ಆ ಏರೇ ಮನಸ್ಸನ್ನು ಕೆಡಿಸುವುದು. ಏರು ಕಾಣುವುದಿಲ್ಲ, ಆದರೆ ಸೈಕಲ್ ಮುಂದಕ್ಕೆ ಹೋಗುವುದಿಲ್ಲ. ಬ್ರೇಕು ತಾಗುತ್ತಿದೆಯೇನೋ, ಟೈರಿನಲ್ಲಿ ಗಾಳಿ ಕಡಿಮೆಯಾಗಿದೆಯೇನೋ ಎಂದು ಮೇಯರ್ಸ್‌ಡೇಲ್ ಸಮೀಪ ನಾನು ಮೂರು ಸಲ ಇಳಿದು ನೋಡಿದ್ದೇನೆ. ಏನೂ ಆಗಿರಲಿಲ್ಲ.

ಕೆಲಗೇರಿ ಕೆರೆ:
ದಿಕ್ಕಿನ ಜಗಳ ಬಿಟ್ಟು ರೈಲಿನ ವೇಳೆ ನೋಡಿ. ಪಿಟ್ಸ್‌ಬರ್ಗ್, ಕಾನಲ್ಸ್‌ವಿಲ್, ಕಂಬರ್ಲೆಂಡ್ ಮೂರೂ ಕಡೆ ನಿಲ್ಲುವ ಆಮ್‌ಟ್ರ್ಯಾಕ್ ಗಾಡಿ ದಿನಕ್ಕೆ ಒಂದೊಂದು ದಿಕ್ಕಿಗೆ ಒಂದೇ. ಪೂರ್ವಕ್ಕೆ ಹೋಗುವುದು ಪಿಟ್ಸ್‌ಬರ್ಗನ್ನು ಬೆಳಗಿನ ಜಾವ ಬಿಡುತ್ತದೆ. ಪಶ್ಚಿಮಕ್ಕೆ ಬರುವುದು ಸಂಜೆ ಕಂಬರ್ಲೆಂಡಿನಿಂದ ಹೊರಟು ಪಿಟ್ಸ್‌ಬರ್ಗ್ ಮುಟ್ಟುವಾಗ ನಡುರಾತ್ರಿ. ಕಾರನ್ನು ಪಿಟ್ಸ್‌ಬರ್ಗಿನಲ್ಲಿ ಬಿಟ್ಟವರು ಮೊದಲು ರೈಲು ಹತ್ತಿ ನಂತರ ಸೈಕಲ್ಲಿನಲ್ಲಿ ಕಾರಿನ ಬಳಿಗೆ ಬರುವುದು ಒಳ್ಳೆಯದು, ಏಕೆಂದರೆ ಆಗ ಕೊನೆಯ ದಿನ ಗಡಿಯಾರ ನೋಡಿಕೊಂಡು ಓಡುವ ಗೋಜಿಲ್ಲ. ಸೈಕಲ್ಲಿಗೂ ಮುಂಗಡ ಕಾಯ್ದಿರಿಸಬೇಕು, ಜಾಗ ಕಡಿಮೆ, ನಾಲ್ಕು ಸೈಕಲ್ ಎಂದರೆ ಬಹಳ ಮುಂಚೆಯೇ ನೋಡಿಕೊಳ್ಳಿ. ಇನ್ನೊಂದು ಮಾತು: ಒಲೆಗೆ ಹಾಕುವ ಗ್ಯಾಸ್ ಡಬ್ಬಿಯನ್ನು ಆ ರೈಲಿನಲ್ಲಿ ಒಯ್ಯುವಂತಿಲ್ಲ, ಇಳಿದ ಮೇಲೆ ಕೊಳ್ಳಬೇಕು.

ಹಳೆಯ ಗಾರ್ಡ್:
ಕಂಬರ್ಲೆಂಡಿನಿಂದ ಹೊರಟರೆ ಮೊದಲ ದಿನವೇ ಆ 24 ಮೈಲಿ. ಅಕ್ಕಿ, ಬೇಳೆ, ಟೆಂಟ್ ಎಲ್ಲ ತುಂಬಿರುವ ದಿನ. ಎಚ್ಚರಿಸಿದ್ದೇನೆ.

ಕೆಲಗೇರಿ ಕೆರೆ:
ಗಾರ್ಡ್ ಸಾಹೇಬರೇ, ನೀವು ರೈಲಿನವರಾಗಿ ರೈಲನ್ನೇ ಮರೆತಿರಲ್ಲ! ಕಂಬರ್ಲೆಂಡಿನಿಂದ ಫ್ರಾಸ್ಟ್‌ಬರ್ಗಿಗೆ ಈಗಲೂ ಪ್ರವಾಸಿ ರೈಲು ಓಡುತ್ತದೆ, ವೆಸ್ಟರ್ನ್ ಮೇರಿಲೆಂಡ್ ಸೀನಿಕ್ ರೈಲ್‌ರೋಡ್ ಎಂದು. ಅಲ್ಲಿ ಹಳಿ ಮತ್ತು ಸೈಕಲ್ ಹಾದಿ ಅಕ್ಕಪಕ್ಕ. ಬ್ರಷ್ ಸುರಂಗದಲ್ಲಂತೂ ಎರಡೂ ಒಂದೇ ಗೂಡಿನೊಳಗೆ ಹೋಗುತ್ತವೆ. ಸೈಕಲ್ಲನ್ನೂ ಹತ್ತಿಸಿಕೊಳ್ಳುತ್ತಾರೆ. ಏರಿನ 16 ಮೈಲಿ ಅಲ್ಲಿಗೇ ಮುಗಿಯಿತು, ಉಳಿಯುವುದು ಸುಮಾರು 8. ಪ್ರತಿದಿನ ಓಡುವುದಿಲ್ಲ, ಆದ್ದರಿಂದ ವಾರ ನೋಡಿ ಹೊರಡಬೇಕು.

ಹಳೆಯ ಗಾರ್ಡ್:
ಇದು ನನಗೆ ಹೊಳೆಯಲಿಲ್ಲ. ಅದೇ ಬ್ಯಾಂಕರ್ ಎಂಜಿನ್ ಎಂದುಕೊಳ್ಳಿ. ನನ್ನ ಸಲಹೆಯನ್ನು ಹಿಂತೆಗೆದುಕೊಂಡೆ.

ಅನುಮಾನಿ:
ಸೈಕಲ್ ಪ್ರವಾಸಕ್ಕೆ ಎರಡು ರೈಲು! ಇನ್ನೊಂದು ಹತ್ತಿದರೆ ಸೈಕಲ್ಲೇ ಬೇಕಾಗುವುದಿಲ್ಲ.

ಮೂಡುಬಿದಿರೆ ಮಳೆ:
ಊಟದ ವಿಷಯ ಯಾರೂ ಹೇಳಲಿಲ್ಲ. ನಾವು ಇಬ್ಬರು ಹೋಗಿದ್ದಾಗ ಒಯ್ದದ್ದು ಗಟ್ಟಿ ಅವಲಕ್ಕಿ, ಹುರಿದ ರವೆಗೆ ಒಗ್ಗರಣೆ ಹಾಕಿ ಮಾಡಿಟ್ಟ ಉಪ್ಪಿಟ್ಟಿನ ಹುಡಿ, ಚಟ್ನಿಪುಡಿ, ಹಾಲಿನ ಪುಡಿ, ಕಾಫಿ ಡಿಕಾಕ್ಷನ್ನಿನ ಒಂದು ಸಣ್ಣ ಬಾಟಲಿ. ಬಿಸಿನೀರು ಒಂದಿದ್ದರೆ ಎಲ್ಲವೂ ಆಗುತ್ತದೆ. ಊರುಗಳು ಹತ್ತು, ಹನ್ನೆರಡು ಮೈಲಿಗೆ ಒಂದರಂತೆ ಸಿಗುವುದರಿಂದ ಪಿಜ್ಜಾ, ಹುರಿದ ಆಲೂಗಡ್ಡೆಗೆ ಕೊರತೆಯಿಲ್ಲ. ಆದರೆ ಸಣ್ಣ ಊರಿನ ಅಂಗಡಿಗಳು ಬೇಗ ಮುಚ್ಚುತ್ತವೆ. ರಾತ್ರಿ ಎಂಟಕ್ಕೆ ಹೋಗಿ ಬಾಗಿಲು ಬಡಿದು ಪ್ರಯೋಜನವಿಲ್ಲ.

ಆಹಾರವನ್ನು ಟೆಂಟಿನೊಳಗೆ ಇಟ್ಟುಕೊಳ್ಳಲೇಬೇಡಿ, ಮರಕ್ಕೆ ತೂಗುಹಾಕಿ. ಕರಡಿ ಇರುವ ಕಾಡು. ಕರಡಿಗಿಂತ ಹೆಚ್ಚು ಕಾಟ ರಕೂನ್ ಎಂಬ ಸಣ್ಣ ಕಾಡುಪ್ರಾಣಿಗಳದ್ದು. ಸಂಜೆ ಎಲ್ಲರೂ ಕಣಕಾಲು, ಮೊಣಕಾಲ ಹಿಂಭಾಗ ನೋಡಿಕೊಳ್ಳಿ, ರಕ್ತ ಹೀರುವ ಉಣ್ಣೆ ಹುಳು ಹತ್ತಿರುತ್ತದೆ. ಇಲ್ಲಿನ ಜಿಂಕೆ ಉಣ್ಣೆಯಿಂದ ಲೈಮ್ ರೋಗ ಬರುವುದು ನಿಮಗೆ ನ್ಯೂಜೆರ್ಸಿಯಲ್ಲೇ ಗೊತ್ತಿರಬೇಕು.

ಸಾಗರದವನು:
ಎಲ್ಲರಿಗೂ ಧನ್ಯವಾದ. ಜೂನ್ ಕೊನೆಯ ವಾರ ಎಂದು ನಿಶ್ಚಯಿಸಿದೆವು. ಎರಡು ರೈಲಿನ ಉಪಾಯವನ್ನೇ ಹಿಡಿದೆವು. ಒಂದು ಸಣ್ಣ ಪ್ರಶ್ನೆ: ದಾರಿಯ ಅರ್ಧದಷ್ಟು ಜೊತೆಗಿರುವ ಆ ನದಿಯ ಹೆಸರನ್ನು ಉಚ್ಚರಿಸುವುದು ಹೇಗೆ? ಇಂಗ್ಲಿಷ್ ಅಕ್ಷರಗಳನ್ನು ನೋಡಿ ಮಾವನವರು 'ಯೌಘಿಯೋಘೆನಿ' ಎಂದು ಓದಿ ಕೈಬಿಟ್ಟರು.

ಪೆನ್‌ಹಿಲ್ಸ್ ಪಕ್ಕದವಳು:
ಯಾಕಗೇನಿ. ಇಲ್ಲಿಯವರು ಮೊಟಕುಗೊಳಿಸಿ 'ಯಾಕ್' ಎನ್ನುತ್ತಾರೆ. ಸಾಗರದವರಿಗೆ ಸುಲಭದ ದಾರಿ ಹೇಳುತ್ತೇನೆ: 'ಯಾಕೆ ಗೇಣಿ?' ಎಂದು ಬೇಗ ಹೇಳಿ.

ಹಳೆಯ ಗಾರ್ಡ್:
ಗೇಣಿ ಯಾಕೆ ಎಂದು ಕಾಗೋಡಿನ ರೈತರು 1951ರಲ್ಲೇ ಕೇಳಿಯಾಗಿದೆ. ನದಿಯ ಹೆಸರು ಸಾಗರದವರ ಬಾಯಲ್ಲಿ ಮರೆಯುವ ಹಾಗಿಲ್ಲ.

ಅನುಮಾನಿ:
ಈ ಜಾಗ ಈಗ ಯಾರದ್ದು? ರೈಲು ನಿಂತ ಮೇಲೆ ಜಮೀನು ಮೊದಲಿನ ಒಡೆಯರಿಗೆ ಹೋಗಬೇಕಲ್ಲವೇ? ಗೇಣಿ ಎಂದದ್ದಕ್ಕೆ ನೆನಪಾಯಿತು.

ಕೆಲಗೇರಿ ಕೆರೆ:
ನಿಮ್ಮ ಅನುಮಾನ ಅಮೆರಿಕದ ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು. 1983ರಲ್ಲಿ ಅಲ್ಲಿನ ಕಾಂಗ್ರೆಸ್ ಒಂದು ತಿದ್ದುಪಡಿ ಮಾಡಿ, ಗಾಡಿ ನಿಂತ ಮಾರ್ಗವನ್ನು ಮುಂದೆಂದಾದರೂ ರೈಲಿಗೆ ಬೇಕಾಗಬಹುದೆಂದು ಒಂದೇ ತುಂಡಾಗಿ ಕಾಯ್ದಿಟ್ಟು, ಅಲ್ಲಿಯವರೆಗೆ ನಡೆಯುವವರಿಗೂ ಸೈಕಲ್ಲಿನವರಿಗೂ ಬಿಡಬಹುದೆಂದು ದಾರಿ ಮಾಡಿಕೊಟ್ಟಿತು. ವರ್ಮಾಂಟಿನ ಜಮೀನುದಾರರು ಹೂಡಿದ ದಾವೆಯಲ್ಲಿ 1990ರಲ್ಲಿ ಕೋರ್ಟು ಆ ಕಾನೂನನ್ನು ಎತ್ತಿಹಿಡಿಯಿತು. ಪರಿಹಾರ ಕೇಳುವ ಹಕ್ಕನ್ನು ಮಾತ್ರ ಅವರಿಗೆ ಉಳಿಸಿತು. ಎಲ್ಲ ಹಾದಿಗಳೂ ಇದೇ ಕಾನೂನಿನಿಂದ ಬಂದವಲ್ಲ, ಹಲವು ಕಡೆ ಜಾಗವನ್ನು ನೇರವಾಗಿ ಕೊಂಡಿದ್ದಾರೆ. ಈ ಹಾದಿಯ ಮೊದಲ 9 ಮೈಲಿ ಒಹಾಯೋಪೈಲ್ ಬಳಿ ತೆರೆದದ್ದು 1986ರಲ್ಲಿ, ಪಿಟ್ಸ್‌ಬರ್ಗಿನ ಕೊನೆಯ ತುಂಡು ಸೇರಿಕೊಂಡದ್ದು 2013ರಲ್ಲಿ. ನಡುವೆ 27 ವರ್ಷ. ಹಳಿ ಕೀಳುವುದು ಸುಲಭ, ಹಾದಿ ಜೋಡಿಸುವುದು ಕಷ್ಟ.

ಗಾಲಿಮಾತು:
ಕಂಬರ್ಲೆಂಡಿನಿಂದ ವಾಷಿಂಗ್ಟನ್ ವರೆಗೆ ಇನ್ನೂ 184.5 ಮೈಲಿ ಹಳೆಯ ಕಾಲುವೆಯ ದಂಡೆಯ ಹಾದಿಯಿದೆ. ಅಲ್ಲಿ ಐದಾರು ಮೈಲಿಗೊಂದು ಉಚಿತ ಟೆಂಟ್ ಜಾಗ, ಕೈಪಂಪು. ಮಳೆ ಬಂದರೆ ಮಾತ್ರ ನಮ್ಮ ಗದ್ದೆಯ ಬದುವಿನಂತೆ ಕೆಸರಾಗುತ್ತದೆ. ಮುಂದಿನ ಸಲಕ್ಕೆ ಇರಲಿ.

ಸಾಗರದವನು:
ಹೋಗಿ ಬಂದೆವು. ವರದಿ ಒಪ್ಪಿಸುವುದು ನನ್ನ ಕರ್ತವ್ಯ.

ಮೊದಲ ದಿನ ಫ್ರಾಸ್ಟ್‌ಬರ್ಗಿನಲ್ಲಿ ರೈಲಿನಿಂದಿಳಿದು ಹಾದಿ ಹಿಡಿದಾಗ ಮಧ್ಯಾಹ್ನವಾಗಿತ್ತು. ಉಳಿದ 8 ಮೈಲಿಯ ಏರೇ ನಮ್ಮನ್ನು ಚೆನ್ನಾಗಿ ವಿಚಾರಿಸಿಕೊಂಡಿತು, ಗಾರ್ಡ್ ಅವರ ಲೆಕ್ಕ ಸರಿಯಾಗಿಯೇ ಇತ್ತು. ಮೇಸನ್–ಡಿಕ್ಸನ್ ಗಡಿರೇಖೆಯನ್ನು ಹಾದಿಯ ಮೇಲೆಯೇ ಗುರುತಿಸಿದ್ದಾರೆ; ಮಗಳು ಒಂದು ಕಾಲು ಮೇರಿಲೆಂಡಿನಲ್ಲಿ, ಇನ್ನೊಂದು ಪೆನ್ಸಿಲ್ವೇನಿಯಾದಲ್ಲಿ ಇಟ್ಟು ಬಾಳೆಹಣ್ಣು ತಿಂದಳು. ಬಿಗ್ ಸ್ಯಾವೇಜ್ ಸುರಂಗದ ಬಾಯಿಗೆ ಬಂದಾಗ ಬೆವರಿನಿಂದ ಒದ್ದೆಯಾದ ಅಂಗಿಯ ಮೇಲೆ ತಣ್ಣನೆಯ ಗಾಳಿ ಹೇಗೆ ಬಡಿಯಿತೆಂದರೆ, ಮಾವನವರು ಚೀಲದಿಂದ ಮಫ್ಲರ್ ತೆಗೆದು ತಲೆಗೆ ಸುತ್ತಿಕೊಂಡರು. ಜೂನ್ ತಿಂಗಳಲ್ಲಿ ಮಫ್ಲರ್ ಯಾಕೆ ಎಂದು ಮನೆಯಲ್ಲಿ ನಕ್ಕಿದ್ದೆವು. ಸುರಂಗದೊಳಗೆ ದೀಪಗಳಿವೆ, ಆದರೂ ನಡುವೆ ಎಲ್ಲೋ ತಾರಸಿಯಿಂದ ಬಿದ್ದ ಹನಿಯೊಂದು ಕತ್ತಿನ ಹಿಂದೆ ಇಳಿದಾಗ ನಾನು ಕೂಗಿದ ಕೂಗು ಎರಡು ಸಲ ತಿರುಗಿ ಬಂತು.

ಜಲವಿಭಜಕದ ನಂತರ ಸೈಕಲ್ಲುಗಳು ಹಗುರಾದವು. ಮೇಯರ್ಸ್‌ಡೇಲ್ ಬಳಿ ಕಣಿವೆಯನ್ನು ದಾಟಿಸುವ ಸಾಲಿಸ್ಬರಿ ಸೇತುವೆ 1,900 ಅಡಿ ಉದ್ದ. ಮೇಲೆ ನಾವು, ಕೆಳಗೆ ಕ್ಯಾಸಲ್‌ಮನ್ ನದಿ, ಹೆದ್ದಾರಿ, ಜೋಳದ ಹೊಲ, ಇನ್ನೂ ಜೀವಂತವಾಗಿರುವ ರೈಲು ಮಾರ್ಗ. ಅಲ್ಲೇ ಒಂದು ಗೂಡ್ಸ್ ಗಾಡಿ ಬಂತು. ಮಾವನವರು ಸೈಕಲ್ ಒರಗಿಸಿ ನೂರರ ಮೇಲೆ ಡಬ್ಬಿಗಳನ್ನು ಎಣಿಸುವವರೆಗೆ ನಾವೂ ನಿಲ್ಲಬೇಕಾಯಿತು.

ಎರಡನೆಯ ರಾತ್ರಿ ಕಾನ್‌ಫ್ಲುಯೆನ್ಸಿನಲ್ಲಿ. ಎರಡು ನದಿ, ಒಂದು ದೊಡ್ಡ ಹಳ್ಳ ಕೂಡುವ ಊರು. ಅಣೆಕಟ್ಟಿನ ತಳದಿಂದ ಹೊರಬರುವ ನೀರಿನ ಪಕ್ಕದಲ್ಲಿ ಟೆಂಟ್ ಹಾಕಿದೆವು. ಕಾಲಿಟ್ಟರೆ ಮೂಳೆಗೆ ತಾಗುವಷ್ಟು ತಣ್ಣಗಿನ ನೀರು. ಕತ್ತಲಾದ ಮೇಲೆ ದಡದ ಹುಲ್ಲಿನ ಮೇಲೆಲ್ಲ ಮಿಣುಕುಹುಳುಗಳು. ಮೂಡುಬಿದಿರೆಯವರು ಹೇಳಿದಂತೆ ಊಟದ ಚೀಲವನ್ನು ಮರಕ್ಕೆ ತೂಗುಹಾಕಿದ್ದೆವು, ಆದರೆ ಕೋಡುಬಳೆಯ ಡಬ್ಬಿಯೊಂದು ಹೆಂಡತಿಯ ಸೈಕಲ್ಲಿನ ಚೀಲದಲ್ಲಿ ಮರೆತುಹೋಗಿತ್ತು. ನಡುರಾತ್ರಿ ಕರಕರ ಸದ್ದಿಗೆ ಎದ್ದು ಟಾರ್ಚ್ ಬಿಟ್ಟರೆ, ರಕೂನ್ ಒಂದು ಚೀಲದ ಜಿಪ್ಪನ್ನು ನೀಟಾಗಿ ಎಳೆದು, ಡಬ್ಬಿಯ ಮುಚ್ಚಳ ತೆಗೆದು, ಎರಡೂ ಕೈಯಲ್ಲಿ ಕೋಡುಬಳೆ ಹಿಡಿದು ತಿರುಗಿಸಿ ತಿರುಗಿಸಿ ತಿನ್ನುತ್ತಿತ್ತು. ಬೆಳಕಿಗೆ ಹೆದರಲಿಲ್ಲ. ಖಾರ ಹತ್ತಿದಾಗ ಮಾತ್ರ ಒಮ್ಮೆ ಸೀನಿ, ನನ್ನನ್ನು ತಪ್ಪಿತಸ್ಥನೆಂಬಂತೆ ನೋಡಿ, ಮತ್ತೊಂದನ್ನು ಎತ್ತಿಕೊಂಡಿತು.

ಒಹಾಯೋಪೈಲ್‌ನಲ್ಲಿ ಜಲಪಾತವನ್ನೂ, ಎತ್ತರದ ಸೇತುವೆಯ ಕೆಳಗೆ ರಬ್ಬರ್ ದೋಣಿಗಳಲ್ಲಿ ಕಿರುಚಿಕೊಂಡು ಹೋಗುವವರನ್ನೂ ನೋಡಿದೆವು. ಕಾನಲ್ಸ್‌ವಿಲ್‌ನಲ್ಲಿ ಮೂರು ಗೋಡೆಯ ಮರದ ಗೂಡುಗಳಲ್ಲಿ ಮಲಗಿದ್ದರಿಂದ ಟೆಂಟ್ ಬಿಚ್ಚಲಿಲ್ಲ. ಯಾರೂ ಇಲ್ಲಿ ಎಚ್ಚರಿಸದ ಒಂದು ಸಂಗತಿಯೆಂದರೆ ಆಚೆ ದಡದ ರೈಲು. ನಾವು ಸತ್ತ ರೈಲು ಮಾರ್ಗದ ಮೇಲೆ ಮಲಗುತ್ತೇವೆ, ಎದುರು ದಡದಲ್ಲಿ ರಾತ್ರಿಯಿಡೀ ಬದುಕಿರುವ ರೈಲು ಕೂಗುತ್ತಿರುತ್ತದೆ. ಕಿವಿಗೆ ಹತ್ತಿ ಒಯ್ಯಿರಿ. ಮಾವನವರಿಗೆ ಮಾತ್ರ ಆ ಕೂಗು ಕೇಳಿದ ಮೇಲೆಯೇ ಒಳ್ಳೆಯ ನಿದ್ದೆ ಬಂತಂತೆ.

ಪೆನ್‌ಹಿಲ್ಸ್ ಪಕ್ಕದವಳು:
ಬಹಳ ಸಂತೋಷವಾಯಿತು. ವೆಸ್ಟ್ ನ್ಯೂಟನ್‌ಗೆ ಬರುವ ಮೊದಲು ಡಾರ್ ಗಣಿಯ ಫಲಕವನ್ನು ನೋಡಿದಿರಾ? 1907ರ ಡಿಸೆಂಬರ್ 19ರಂದು ಅಲ್ಲಿನ ಕಲ್ಲಿದ್ದಲು ಗಣಿಯಲ್ಲಿ ಸ್ಫೋಟವಾಗಿ 239 ಜನ ಸತ್ತರು. ಹಾದಿ ಎಷ್ಟು ತಣ್ಣಗಿದೆಯೆಂದರೆ ಜನ ಫಲಕವನ್ನು ದಾಟಿ ಹೋಗಿಬಿಡುತ್ತಾರೆ.

ಸಾಗರದವನು:
ನೋಡಿದೆವು ಮೇಡಂ. ಹಾದಿಯ ಬದಿಯಲ್ಲಿ ಕೆಮ್ಮಣ್ಣು ಕಲಸಿದಂತೆ ಕಿತ್ತಳೆ ಬಣ್ಣದ ನೀರು ಹರಿಯುತ್ತಿತ್ತು. ಮಲೆನಾಡಿನ ಕೆಮ್ಮಣ್ಣಿನ ಹಾಗೆಯೇ ಇದೆ ಎಂದು ನಾನು ಖುಷಿಪಟ್ಟೆ. ಅದು ಮಣ್ಣಲ್ಲ, ಮುಚ್ಚಿದ ಗಣಿಗಳಿಂದ ಇವತ್ತಿಗೂ ಬಸಿಯುವ ಕಬ್ಬಿಣದ ನೀರು ಎಂದು ಅಲ್ಲಿ ನಾಯಿ ತಿರುಗಾಡಿಸುತ್ತಿದ್ದ ಹಿರಿಯರೊಬ್ಬರು ಹೇಳಿದ ಮೇಲೆ ಸುಮ್ಮನಾದೆ.

ಅನುಮಾನಿ:
ಕೊನೆಯ ದಿನ ಸೀಡರ್ ಕ್ರೀಕಿನಿಂದ ಪಿಟ್ಸ್‌ಬರ್ಗ್ 40 ಮೈಲಿ. 65 ವರ್ಷದವರು ನಿಜವಾಗಿಯೂ ತುಳಿದರೇ, ಅಥವಾ ಮೂರನೆಯ ರೈಲು ಸಿಕ್ಕಿತೇ?

ಸಾಗರದವನು:
ಅವರು ತುಳಿದರು. ಕೈಕೊಟ್ಟದ್ದು ನಾನು. ಮಕೀಸ್‌ಪೋರ್ಟ್ ದಾಟಿದ ಮೇಲೆ ನನ್ನ ಹಿಂದಿನ ಚಕ್ರದ ಎರಡು ಕಡ್ಡಿಗಳು ಮುರಿದವು. ಹೊರೆಯೆಲ್ಲವನ್ನೂ ಹಿಂದೆಯೇ ಹೇರಿದ್ದು ನನ್ನ ಬುದ್ಧಿವಂತಿಕೆ. ಗಾಲಿ ಬ್ರೇಕಿಗೆ ತಾಗಿ ಕಿರ್ ಎನ್ನತೊಡಗಿತು. ಮಾವನವರು ಹಿಂದಿನ ಬ್ರೇಕನ್ನು ಬಿಚ್ಚಿ, ಮುರಿದ ಕಡ್ಡಿಗಳನ್ನು ಪಕ್ಕದವುಗಳಿಗೆ ಸುತ್ತಿ, ನನ್ನ ಚೀಲಗಳಲ್ಲಿ ಒಂದನ್ನು ತಮ್ಮ ಸೈಕಲ್ಲಿಗೆ ಹಾಕಿಕೊಂಡರು. ಗೇರನ್ನು ಇಡೀ ಐದು ದಿನದಲ್ಲಿ ಅವರು ಎರಡು ಸಲ ಮಾತ್ರ ಮುಟ್ಟಿದ್ದಾರೆ, ಎರಡನೆಯ ಸಲ ಕೈತಪ್ಪಿ. ಮನಾಂಗಹೇಲಾ ನದಿಯ ಮೇಲೆ ಕಾದ ಕಬ್ಬಿಣವನ್ನು ಸಾಗಿಸುತ್ತಿದ್ದ ಹಾಟ್ ಮೆಟಲ್ ಸೇತುವೆಯನ್ನು ದಾಟುವಾಗ ಅವರು ನನಗಿಂತ ಅರ್ಧ ಫರ್ಲಾಂಗ್ ಮುಂದಿದ್ದರು.

ಹಳೆಯ ಗಾರ್ಡ್:
ಹಿರಿಯರಿಗೆ ನನ್ನ ನಮಸ್ಕಾರ ತಿಳಿಸಿ. ಆ ಗೂಡ್ಸ್ ಗಾಡಿಗೆ ಒಟ್ಟು ಎಷ್ಟು ಡಬ್ಬಿ ಇದ್ದವು ಎಂದು ಕೇಳಿ ಬರೆಯುವಿರಾ?

ಸಾಗರದವನು:
ಕೇಳಿದೆ. 117, ಮುಂದೆ ಎರಡು ಎಂಜಿನ್. ಹಿಂದೆ ಗಾರ್ಡ್ ಡಬ್ಬಿ ಇರಲಿಲ್ಲವೆಂದು ಅವರಿಗೆ ಬೇಸರ.

ಪೆನ್‌ಹಿಲ್ಸ್ ಪಕ್ಕದವಳು:
ಮುಗಿಸಿದ ಮೇಲೆ ಪಿಟ್ಸ್‌ಬರ್ಗ್ ಬಳಿಯ ವೆಂಕಟೇಶ್ವರ ದೇವಸ್ಥಾನಕ್ಕೆ ಹೋದಿರಾ?

ಸಾಗರದವನು:
ಹೋದೆವು, ಕಾರಿನಲ್ಲಿ. ಆ ಗುಡ್ಡದ ರಸ್ತೆಯನ್ನು ನೋಡಿ ಮಗಳು, "ಇಲ್ಲಿಗೆ ರೈಲು ಯಾಕೆ ಹಾಕಲಿಲ್ಲ?" ಎಂದು ಕೇಳಿದಳು.